ಜ್ವರ ಇಳಿದ ಮೇಲಿನ ಶುಕ್ರವಾರ

ಮಳೆ ನಿಂತು ಹದಿನೈದು ದಿನವಾಗಿತ್ತು. ಕಮಲಾಪುರದ ಆ ಓಣಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಮನೆ ಮುಂದಿದ್ದೇವೆ ಎಂದು ಕೆಮ್ಮಿನ ಮೇಲೆಯೇ ಹೇಳಬಹುದಿತ್ತು. ನಬಿಸಾಬರ ಕೆಮ್ಮು ಚಳಿಗೆ ಹಟ ಹಿಡಿದ ಅವರದೇ ಟೆಂಪೋದಂತೆ: ಖುರ್ರ್, ಖುರ್ರ್, ಖುರ್ರ್, ಕೊನೆಗೊಂದು ಧಡಾಂ. ಚಂದಮ್ಮನದು ನಾಚಿಕೆಯ ಕೆಮ್ಮು, ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಿದಂತೆ: ಖು, ಖು. ಮಕ್ಕಳಂತೂ ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ ಒಬ್ಬರಾದ ಮೇಲೆ ಒಬ್ಬರು ಸೀನುತ್ತಿದ್ದರು.

ಅಕ್ಬರಿ ಬೇಗಂ ಅವರ ಮೊಮ್ಮಗಳು ಸಿದ್ರಾಗೆ ಎಂಟು ವರ್ಷ. ಈ ಎಲ್ಲ ಕೆಮ್ಮನ್ನೂ ಥೇಟ್ ಅವರವರಂತೆಯೇ ಕೆಮ್ಮಿ ತೋರಿಸುವುದು ಅವಳ ಕೆಲಸ. ನಾಲ್ಕು ದಿನ ಹೀಗೆ ಆಡಿಕೊಂಡವಳಿಗೆ ಐದನೇ ದಿನ ತನ್ನದೇ ನೆಗಡಿ ಬಂತು.

"ಕರೀಂಸಾಬಗ ಹೇಳಿ ಕಳಸ್ರಿ," ಎಂದರು ಅಕ್ಬರಿ ಬೇಗಂ. "ಒಂದು ಸೂಜಿ ಮಾಡಿದ್ರ ನೆಗಡಿ ಹೇಳದಂಗ ಓಡಿ ಹೋಗ್ತದ."

ಕರೀಂಸಾಬ್ ಯಾರೆಂದರೆ, ಕಲಬುರಗಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಇಪ್ಪತ್ತು ವರ್ಷ ಕಂಪೌಂಡರ್ ಆಗಿದ್ದವರು. ಡಾಕ್ಟರು ವಯಸ್ಸಾಗಿ ದವಾಖಾನೆ ಮುಚ್ಚಿದ ಮೇಲೆ ಇವರು ಊರಿಗೆ ಬಂದರು, ಜೊತೆಗೆ ಒಂದು ಚರ್ಮದ ಬ್ಯಾಗೂ ಬಂತು. ಡಾಕ್ಟರ ಬಳಿ ಇದ್ದದ್ದು ಕಾಲೇಜಿನ ಡಿಗ್ರಿ. ಕರೀಂಸಾಬರ ಬಳಿ ಇದ್ದದ್ದು ಥರ್ಮಾಮೀಟರಿನ ಡಿಗ್ರಿ. ಮನುಷ್ಯ ಕೆಟ್ಟವರಲ್ಲ. ಕರೆದಾಗ ಬರುತ್ತಾರೆ, ಮಕ್ಕಳನ್ನು ನಗಿಸುತ್ತಾರೆ, ಸೊಂಟಕ್ಕೊಂದು ಚುಚ್ಚಿ ಹೋಗುತ್ತಾರೆ. ಚುಚ್ಚಿದ್ದು ಏನು ಎಂದು ಜನ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಅವತ್ತು ಕರೀಂಸಾಬರಿಗಿಂತ ಮೊದಲು ಮನೆಗೆ ಬಂದವಳು ಆಶಾ ಕಾರ್ಯಕರ್ತೆ ಮಲ್ಲಿಕಾ. ಅದೇ ಓಣಿಯ ಕೊನೆಯ ಮನೆಯವಳು. ಸಿದ್ರಾಳ ಎದೆ ಏರಿಳಿಯುವುದನ್ನು ಒಂದು ನಿಮಿಷ ಗಡಿಯಾರ ಹಿಡಿದು ನೋಡಿದಳು.

"ಖಾಲಾ, ಮೂಗು ಸೋರಾಕತ್ತದ ಖರೇ. ಆದ್ರ ಹುಡುಗಿ ಆಡಾಕತ್ತಾಳ, ಉಣ್ಣಾಕತ್ತಾಳ, ಉಸಿರು ಸಾಫ್ ಅದ. ಇದು ಬರೇ ನೆಗಡಿ. ನೆಗಡಿ ತರೋ ವೈರಸ್‌ಗೆ ಆಂಟಿಬಯಾಟಿಕ್ ಗುಳಗಿ ನಾಟೋದಿಲ್ಲ, ಸೂಜಿನೂ ಬೇಕಾಗಿಲ್ಲ."

"ಮತ್ತ ಏನು ಕೊಡೋದು?"

"ಬಿಸಿ ಬಿಸಿ ಗಂಜಿ, ಕಾಸಿದ ನೀರು, ನಿದ್ದಿ. ಮೈ ಸುಟ್ಟರ ತೂಕಕ್ಕ ತಕ್ಕಂಗ ಪ್ಯಾರಾಸಿಟಮಾಲ್. ಕೆಮ್ಮಿಗಿ ಮಲಗೋ ಮುಂದ ಒಂದು ಚಮಚ ಜೇನು. ವರ್ಷ ತುಂಬದ ಕೂಸಿಗಿ ಮಾತ್ರ ಜೇನು ಬ್ಯಾಡ."

"ಇಷ್ಟ?"

"ಇಷ್ಟ."

"ಇಷ್ಟು ಹೇಳಾಕ ಸರ್ಕಾರ ನಿನಗ ಸೀರಿ ಕೊಟ್ಟದೇನು?"

ಮಲ್ಲಿಕಾ ನಕ್ಕಳು. ಆರು ದಿನಕ್ಕೆ ನೆಗಡಿ ಸೂಜಿಯಿಲ್ಲದೆಯೇ ತನ್ನ ಪಾಡಿಗೆ ಹೋಯಿತು. ಅದರ ಕೀರ್ತಿಯನ್ನು ಅಕ್ಬರಿ ಬೇಗಂ ಮಲ್ಲಿಕಾಗೂ ಕೊಡಲಿಲ್ಲ, ಜೇನಿಗೂ ಕೊಡಲಿಲ್ಲ. "ಹೋಗೋದಿತ್ತು, ಹೋತು," ಎಂದರು.

ಮೂರು ವಾರ ಕಳೆಯಿತು. ಒಂದು ಸೋಮವಾರ ಸಿದ್ರಾ ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ಮಲಗಿದಳು. ಮೈ ಕಾದ ಹಂಚು. ಕಣ್ಣಿನ ಹಿಂದೆ ನೋವು, ಕೈಕಾಲು ನೋವು, ಬೆನ್ನು ನೋವು. ಮೂಗು ಸೋರುತ್ತಿರಲಿಲ್ಲ, ಕೆಮ್ಮು ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಅವಳ ತಾಯಿ ಫರ್ಹೀನ್ ಮಲ್ಲಿಕಾಳನ್ನು ಕರೆಸಿದಳು.

ಫರ್ಹೀನ್ ಕಲಬುರಗಿ ಶಹರದ ಹುಡುಗಿ. ಮದುವೆಯಾಗಿ ಹತ್ತು ವರ್ಷವಾಗಿತ್ತು. ಈ ಹತ್ತು ವರ್ಷದಲ್ಲಿ ಅತ್ತೆಯ ಎದುರು ಅವಳು ಆಡಿದ ಅತಿ ದೊಡ್ಡ ಮಾತು, "ಉಪ್ಪು ಸ್ವಲ್ಪ ಜಾಸ್ತಿ ಆಗ್ಯಾದೇನೋ ಅಮ್ಮಿ." ಗಂಡ ಸರ್ಫರಾಜನಿಗೆ ಕಲಬುರಗಿಯ ಐವಾನ್-ಎ-ಶಾಹಿ ಕಡೆ ಒಂದು ಆಫೀಸಿನಲ್ಲಿ ಕೆಲಸ. ಅಲ್ಲೇ ಖೋಲಿ ಮಾಡಿಕೊಂಡಿದ್ದ, ಭಾನುವಾರ ಮಾತ್ರ ಬರುತ್ತಿದ್ದ.

ಮಲ್ಲಿಕಾ ಹುಡುಗಿಯನ್ನು ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ನೀರಿನ ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟು ನೋಡಿದಳು. ನಳ ಬರುವುದು ನಾಲ್ಕು ದಿನಕ್ಕೊಮ್ಮೆ, ಹಾಗಾಗಿ ಡ್ರಮ್ಮು ಸದಾ ತುಂಬಿರುತ್ತಿತ್ತು. ಮೇಲೆ ಮುಚ್ಚಳವಿರಲಿಲ್ಲ. ಬೆಳಕಿಗೆ ಸಣ್ಣ ಸಣ್ಣ ಹುಳಗಳು ತಲೆಕೆಳಗಾಗಿ ಕುಣಿದವು.

"ಖಾಲಾ, ಇವು ಸೊಳ್ಳಿ ಮರಿ. ಹಗಲು ಕಚ್ಚೋ ಸೊಳ್ಳಿ. ನಿಮ್ಮ ಮನಿಯಾಗ ನೀವೇ ಸಾಕೀರಿ."

"ನಾ ಆಡು ಸಾಕೀನಿ, ಕೋಳಿ ಸಾಕೀನಿ. ಸೊಳ್ಳಿ ಸಾಕೀನಿ ಅಂತ ಇವತ್ತೇ ಗೊತ್ತಾತು ನೋಡು."

"ನಗಬ್ಯಾಡ್ರಿ. ಇದು ನೆಗಡಿ ಜ್ವರ ಅಲ್ಲ. ಡೆಂಗ್ಯೂ ಇರಬಹುದು. ದವಾಖಾನಿಗಿ ಹೋಗಿ ರಕ್ತ ತೋರಸ್ರಿ. ಅಲ್ಲಿತನಕ ಪ್ಯಾರಾಸಿಟಮಾಲ್ ಬಿಟ್ಟು ಬ್ಯಾರೆ ನೋವಿನ ಗುಳಗಿ, ಸೂಜಿ ಬ್ಯಾಡ್ರಿ. ಡೆಂಗ್ಯೂ ಇದ್ರ ಅವು ರಕ್ತ ಸೋರೋದು ಹೆಚ್ಚು ಮಾಡ್ತಾವ."

ಅಕ್ಬರಿ ಬೇಗಂ ಸೊಂಟಕ್ಕೆ ಕೈ ಇಟ್ಟರು. ಮಲ್ಲಿಕಾಳ ಧ್ವನಿಯನ್ನೇ ಎರವಲು ತೆಗೆದುಕೊಂಡು ಶುರು ಮಾಡಿದರು. "'ಸೂಜಿನೂ ಬೇಕಾಗಿಲ್ಲ ಖಾಲಾ, ಗಂಜಿ ಕೊಡ್ರಿ ಖಾಲಾ.' ಮೂರು ವಾರದ ಹಿಂದ ಹಿಂಗಂದಕಿ ಯಾರು? ಇವತ್ತು, 'ದವಾಖಾನಿಗಿ ಹೋಗ್ರಿ ಖಾಲಾ, ರಕ್ತ ತಗಸ್ರಿ ಖಾಲಾ.' ಆವಾಗ ಡಾಕ್ಟರ್ ಬ್ಯಾಡ, ಈಗ ಡಾಕ್ಟರ್ ಬೇಕು. ನಿನ್ನ ನಾಲಿಗಿ ಒಂದು ಕಡೆ ನಿಂದ್ರತದೋ ಇಲ್ಲೋ?"

"ಎರಡೂ ರೋಗ ಒಂದೇ ಆಗಿದ್ರ ನಾಲಿಗಿನೂ ಒಂದು ಕಡೆ ನಿಂದ್ರತಿತ್ತು ಖಾಲಾ."

"ಜ್ವರ ಅಂದ್ರ ಜ್ವರ," ಎಂದು ಅಕ್ಬರಿ ಬೇಗಂ ಮಾತು ಮುಗಿಸಿದರು.

ಫರ್ಹೀನ್ ಗಂಡನಿಗೆ ಫೋನ್ ಮಾಡಿದಳು. ಸರ್ಫರಾಜ್ ಕೆಲಸದ ಗದ್ದಲದಲ್ಲಿದ್ದ. "ಅಮ್ಮಿ ಹೇಳಿದಂಗ ಮಾಡು," ಎಂದು ಇಟ್ಟುಬಿಟ್ಟ. ಮಧ್ಯಾಹ್ನ ಕರೀಂಸಾಬ್ ಬಂದರು, ಒಂದು ಸೂಜಿ ಮಾಡಿದರು. ಬುಧವಾರ ಬಂದು ಇನ್ನೊಂದು ಮಾಡಿದರು.

ಅದೇ ಬುಧವಾರ ಸಂಜೆ ಮಲ್ಲಿಕಾ ಹಿತ್ತಲ ಗೋಡೆಯ ಆಚೆಯಿಂದ ಫರ್ಹೀನಳನ್ನು ಕರೆದಳು.

"ಆಪಾ, ಒಂದು ಮಾತು ಕೇಳ್ರಿ. ಡೆಂಗ್ಯೂ ಇದ್ರ ಜ್ವರ ಒಂದು ದಿನ ತಾನಾಗಿ ಇಳೀತದ. ಎಲ್ಲಾರೂ ಖುಷಿ ಪಡ್ತಾರ. ಗಂಡಾಂತರ ಬರೋದೇ ಅದರ ಮ್ಯಾಗಿನ ಒಂದೆರಡು ದಿನದಾಗ. ಹೊಟ್ಟಿ ನೋವು, ಮತ್ತ ಮತ್ತ ವಾಂತಿ, ವಸಡಿನಾಗ ಮೂಗಿನಾಗ ರಕ್ತ, ಕೈಕಾಲು ತಣ್ಣಗ, ಮಂಪರು, ಒಂದಕ್ಕ ಹೋಗೋದು ಕಡಿಮಿ. ಇದರಾಗ ಒಂದು ಕಂಡ್ರೂ ನಿಂದ್ರಬ್ಯಾಡ್ರಿ."

ಫರ್ಹೀನ್ ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಹಿಂದೆ ಇದನ್ನೆಲ್ಲ ಬರೆದುಕೊಂಡಳು. ಅದರ ಕೆಳಗೇ ಗೆರೆ ಎಳೆದು, ಮಗಳು ಯಾವಾಗ ಏನು ಕುಡಿದಳು, ಯಾವಾಗ ಒಂದಕ್ಕೆ ಹೋದಳು ಎಂದು ಗುರುತು ಹಾಕುತ್ತಾ ಬಂದಳು.

ಗುರುವಾರ ಬೆಳಿಗ್ಗೆ ಜ್ವರ ಇಳಿಯಿತು.

ಅಕ್ಬರಿ ಬೇಗಂ ಮೊಮ್ಮಗಳ ಹಣೆ ಮುಟ್ಟಿ, ಕೆನ್ನೆ ಮುಟ್ಟಿ, ಓಣಿಗೆಲ್ಲ ಕೇಳುವಂತೆ ಹೇಳಿದರು: "ಕರೀಂಸಾಬನ ಕೈಗುಣ. ನಾಳೆ ಜುಮ್ಮಾ ನಮಾಜ್ ಆದ ಮ್ಯಾಗ ಗುಸ್ಲೆ ಸೆಹತ್. ಎಲ್ಲಾರೂ ಬರ್ರಿ."

ಗುಸ್ಲೆ ಸೆಹತ್ ಎಂದರೆ ಕಾಯಿಲೆಯಿಂದ ಎದ್ದವರಿಗೆ ಬೇವಿನೆಲೆ ಹಾಕಿ ಕಾಯಿಸಿದ ನೀರಿನಲ್ಲಿ ಮೀಯಿಸಿ, ಹೊಸ ಬಟ್ಟೆ ತೊಡಿಸಿ, ಬಂಧುಬಳಗಕ್ಕೆ ಸಿಹಿ ಉಣಿಸುವುದು. ಚಂದಮ್ಮನ ಮನೆಯಲ್ಲೂ ಜ್ವರ ಬಿಟ್ಟವರಿಗೆ ತಲೆಗೆ ನೀರು ಹಾಕುತ್ತಾರೆ. ಹೆಸರು ಬೇರೆ, ಖುಷಿ ಒಂದೇ. ಖುಷಿಯಲ್ಲಿ ತಪ್ಪಿಲ್ಲ. ಇಲ್ಲಿ ತಪ್ಪಿದ್ದು ದಿನ. ಅದರ ಮೇಲೆ ಅಕ್ಬರಿ ಬೇಗಂ ಮನೆತನದ ಇನ್ನೊಂದು ರೂಢಿ ಇತ್ತು: ಮೀಯಬೇಕಾದವರು ಮೈಮೇಲೆ ನೀರು ಬೀಳುವ ತನಕ ಹೊಸ್ತಿಲು ದಾಟಬಾರದು.

ಶುಕ್ರವಾರ ಹನ್ನೊಂದು ಗಂಟೆಗೆ ಮನೆ ತುಂಬಿತ್ತು. ಮಹಾಗಾಂವದಿಂದ ಅಕ್ಬರಿ ಬೇಗಂ ಅವರ ನಾದಿನಿ ಗೌಸಿಯಾ ಹಸಿರು ಬಟ್ಟೆಯ ಗಂಟು ಹಿಡಿದು ಬಂದಿದ್ದರು. ಅಂಗಳದಲ್ಲಿ ಹಂಡೆಯ ನೀರು ಕುದಿಯುತ್ತಿತ್ತು, ಒಲೆಯ ಮೇಲೆ ಕೇಸರಿ ಬಣ್ಣದ ಸಿಹಿ ಅನ್ನ. ಕರೀಂಸಾಬ್ ಕಾಟಿನ ಮೇಲೆ ಮದುವೆ ಗಂಡಿನಂತೆ ಕುಳಿತು ಚಹಾ ಕುಡಿಯುತ್ತಿದ್ದರು.

ಒಳಕೋಣೆಯಲ್ಲಿ ಫರ್ಹೀನ್ ಮಗಳ ಹಲ್ಲುಜ್ಜಿಸಿ ಟವೆಲಿನಿಂದ ಬಾಯಿ ಒರೆಸಿದಳು. ಟವೆಲಿಗೆ ಕೆಂಪು ಹತ್ತಿತು.

"ಸಿದ್ರಾ, ಬಾಯಿಗೆ ಏನಾತು?"

ಸಿದ್ರಾ ಉತ್ತರ ಕೊಡಲಿಲ್ಲ. ಹೊರಗೆ ಓಣಿಯಲ್ಲಿ ನಬಿಸಾಬ್ ತಮ್ಮ ಟೆಂಪೋ ಗಾಡಿ ಚಾಲೂ ಮಾಡಿ, ಧಡಾಂ ಎನಿಸಿದರು. ಎಲ್ಲರನ್ನೂ ಅಣಕಿಸುವ ಮಗು ಅದಕ್ಕೂ ತುಟಿ ಅಲುಗಿಸಲಿಲ್ಲ. ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಗಿತ್ತು, ಹೊಟ್ಟೆ ಹಿಡಿದುಕೊಂಡು ಮಡಚಿ ಮಲಗಿದ್ದಳು. ಫರ್ಹೀನ್ ಅವಳ ಪಾದ ಮುಟ್ಟಿದಳು. ತಣ್ಣಗೆ, ಒದ್ದೆ. ಕ್ಯಾಲೆಂಡರ್ ಹಾಳೆ ತೆಗೆದು ನೋಡಿದಳು. ಒಂದಕ್ಕೆ ಹೋದದ್ದು ಕೊನೆಯ ಬಾರಿ ನಿನ್ನೆ ಸಂಜೆ ಏಳಕ್ಕೆ.

ಅವಳು ಮಲ್ಲಿಕಾಗೆ ಫೋನ್ ಮಾಡಿದಳು. ಆಮೇಲೆ ಹೊರಗೆ ಬಂದು ಅತ್ತೆಗೆ ಹೇಳಿದಳು.

"ಹೊಟ್ಟಿ ಖಾಲಿ ಅದ, ಅದಕ್ಕ ನೋಯ್ತದ," ಎಂದರು ಅಕ್ಬರಿ ಬೇಗಂ. "ಜ್ವರ ಎಲ್ಲಿ ಅದ? ಮುಟ್ಟಿ ನೋಡು, ತಣ್ಣಗ ಅದಾಳ."

"ಅದೇ ನನಗ ಅಂಜಿಕಿ, ಅಮ್ಮಿ. ಭಾಳ ತಣ್ಣಗ ಅದಾಳ."

ಕರೀಂಸಾಬ್ ಚಹಾದ ಕಪ್ಪು ಕೆಳಗಿಟ್ಟರು. "ವೀಕ್‌ನೆಸ್, ಬೇಟಿ. ಒಂದು ಸಲಾಯಿನ್ ಬಾಟ್ಲಿ ಹಚ್ಚಿ ಒಂದು ತಾಕತ್ತಿನ ಸೂಜಿ ಮಾಡ್ತೇನಿ. ನಮಾಜ್ ಆಗೋದ್ರಾಗ ಎದ್ದು ಕುಂದ್ರತಾಳ." ಆಗಲೇ ಎದ್ದು, ಬಾಟ್ಲಿ ತೂಗಲು ಗೋಡೆಯಲ್ಲಿ ಮೊಳೆ ಹುಡುಕುತ್ತಿದ್ದರು.

ಫರ್ಹೀನ್ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಯಾವ ಸೂಜಿ ಚಾಚಾ? ಹೆಸರೇನು?"

ಈ ಪ್ರಶ್ನೆಯನ್ನು ಕರೀಂಸಾಬರಿಗೆ ಯಾರೂ ಕೇಳಿರಲಿಲ್ಲ.

"ಹೆಸರು ಕಟಗೊಂಡು ನಿನಗೇನಾಗಬೇಕಾಗ್ಯಾದ? ತಾಕತ್ತಿಂದು ಅಂದೆನಲ್ಲ."

"ನನ್ನ ಮಗಳ ಮೈಯಾಗ ಹೋಗ್ತದ ಚಾಚಾ. ಹೆಸರು ಗೊತ್ತಿಲ್ಲದ್ದು ಇನ್ನ ಹೋಗೋದಿಲ್ಲ. ಚುಚ್ಚಲೇಬೇಕು ಅಂದ್ರ ನನಗ ಚುಚ್ರಿ, ನನಗೂ ಇವತ್ತು ತಾಕತ್ತು ಬೇಕಾಗ್ಯಾದ."

ಅಷ್ಟರಲ್ಲಿ ಮಲ್ಲಿಕಾ ಏದುಸಿರು ಬಿಡುತ್ತಾ ಬಂದಳು. ಯಾರ ಜೊತೆಯೂ ಮಾತಾಡದೆ ಒಳಗೆ ಹೋಗಿ ಸಿದ್ರಾಳ ಕೈ ಹಿಡಿದಳು. "ಖಾಲಾ, ಇಲ್ಲಿ ಬರ್ರಿ. ನನ್ನ ಉಗುರು ನೋಡ್ರಿ. ಒತ್ತಿದೆ, ಬೆಳ್ಳಗಾತು. ಬಿಟ್ಟೆ, ಹಳೇ ಬಣ್ಣ ಬಂತು. ಈಗ ಕೂಸಿಂದು ಒತ್ತತೇನಿ." ಒತ್ತಿ ಬಿಟ್ಟಳು. ಉಗುರು ಬೆಳ್ಳಗೇ ಉಳಿಯಿತು. ಮಲ್ಲಿಕಾ ಮೆಲ್ಲಗೆ ಎಣಿಸಿದಳು. ಒಂದು. ಎರಡು. ಮೂರು. ನಾಲ್ಕಕ್ಕೆ ಬಣ್ಣ ಮರಳಿತು.

"ರಕ್ತ ತುದಿತನಕ ಬರವಲ್ಲದು. ಈಗಿಂದೀಗ ಹೋಗಬೇಕು."

ಫರ್ಹೀನ್ ಮಗಳನ್ನು ಚಾದರದಲ್ಲಿ ಸುತ್ತಿ ಎತ್ತಿಕೊಂಡಳು. ಗೌಸಿಯಾ ಹೊಸ್ತಿಲ ಬಳಿ ಕೈ ಚಾಚಿದರು. "ಏನ್ ಮಾಡಾಕತ್ತೀ? ನೀರು ಬೀಳದ ಕೂಸು ದಾಟಬಾರದು. ಮನಿ ತುಂಬ ಮೆಹಮಾನ್ ಕುಂತಾರ. ಅತ್ತಿ ಇಜ್ಜತ್ ಏನಾಗಬೇಕು?"

"ಇಜ್ಜತ್ ನಾಳಿಗೂ ಇರ್ತದ ಫುಪ್ಪು. ನನ್ನ ಮಗಳು ಇರಬೇಕಲ್ಲ." ಫರ್ಹೀನ್ ಅತ್ತೆಯ ಕಡೆ ತಿರುಗಿದಳು. "ಅಮ್ಮಿ, ಹತ್ತು ವರ್ಷ ನಿಮ್ಮ ಮಾತು ಮೀರಿಲ್ಲ. ಇವತ್ತು ಮೀರ್ತೇನಿ. ಬೈಯೋದಿದ್ರ ಬಂದ ಮ್ಯಾಗ ಬೈರಿ, ಕುಂತು ಕೇಳ್ತೇನಿ. ಈಗ ದಾರಿ ಬಿಡ್ರಿ."

ಅವಳು ಹೊಸ್ತಿಲು ದಾಟಿದಳು. ನಬಿಸಾಬರ ಟೆಂಪೋ ಇನ್ನೂ ಗುರುಗುಡುತ್ತಾ ನಿಂತಿತ್ತು. ಫರ್ಹೀನ್ ಹತ್ತಿದಳು, ಮಲ್ಲಿಕಾ ಹತ್ತಿದಳು. ಟೆಂಪೋ ಹೊರಡುವಷ್ಟರಲ್ಲಿ, ಸಿಹಿ ಅನ್ನದ ಸೌಟು ಹಿಡಿದುಕೊಂಡೇ ಅಕ್ಬರಿ ಬೇಗಂ ಓಡಿ ಬಂದು ಹಿಂದೆ ಹತ್ತಿ ಕುಳಿತರು.

"ನೀವ್ಯಾಕ ಖಾಲಾ?" ಎಂದಳು ಮಲ್ಲಿಕಾ.

"ಬಂದ ಮ್ಯಾಗ ಬೈರಿ ಅಂತಾಳ. ಅಲ್ಲಿತನಕ ತಡಕೊಳ್ಳಾಕ ನನಗ ಆಗೋದಿಲ್ಲ." ಸರ್ಕಾರಿ ದವಾಖಾನೆಯ ಬಾಗಿಲು ಬರುವ ತನಕ ಬೈದರು. ಸೊಸೆಯನ್ನು ಬೈದರು, ಮಲ್ಲಿಕಾಳನ್ನು ಬೈದರು, ನಬಿಸಾಬರು ರಸ್ತೆಯ ಗುಂಡಿಯಲ್ಲಿ ಗಾಡಿ ಇಳಿಸಿದ್ದಕ್ಕೆ ಅವರನ್ನೂ ಬೈದರು. ಬೈಯುತ್ತಲೇ ಮೊಮ್ಮಗಳ ತಣ್ಣನೆಯ ಪಾದ ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದರು. ಎಷ್ಟು ಉಜ್ಜಿದರೂ ಅವು ಬಿಸಿಯಾಗಲಿಲ್ಲ. ಆಮೇಲೆ ಅವರು ಬೈಯುವುದನ್ನು ನಿಲ್ಲಿಸಿದರು.

ಕಮಲಾಪುರದ ದವಾಖಾನೆಯಲ್ಲಿ ಡಾಕ್ಟರು ಬಿ.ಪಿ. ನೋಡಿದರು. ಮಾತು ಬೆಳೆಸಲಿಲ್ಲ. ಕೈಗೆ ಸಲಾಯಿನ್ ಶುರು ಮಾಡಿ, ನೂರಾ ಎಂಟಕ್ಕೆ ಹೇಳಿ, ಹುಡುಗಿಯನ್ನು ಕಲಬುರಗಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಗಾಡಿಯಲ್ಲಿ ನರ್ಸ್ ಹತ್ತು ಹತ್ತು ನಿಮಿಷಕ್ಕೆ ಬಿ.ಪಿ. ನೋಡುತ್ತಿದ್ದರು. ಮಹಾಗಾಂವ ದಾಟಿತು. ಅಕ್ಬರಿ ಬೇಗಂ ನರ್ಸಿನ ಮುಖ ಬಿಟ್ಟು ಬೇರೇನೂ ನೋಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಒಬ್ಬ ಹೆಣ್ಣುಮಗಳು, ಸಣ್ಣ ವಯಸ್ಸು. ರಕ್ತ ಪರೀಕ್ಷೆಯಲ್ಲಿ ಡೆಂಗ್ಯೂ ಎಂದೇ ಬಂತು. "ಎಷ್ಟನೇ ದಿನ? ಕಡೀಗಿ ಒಂದಕ್ಕ ಹೋಗಿದ್ದು ಯಾವಾಗ? ಏನೇನು ಕುಡದಾಳ?" ಎಂದು ಕೇಳಿದರು. ಫರ್ಹೀನ್ ಕ್ಯಾಲೆಂಡರ್ ಹಾಳೆ ಮುಂದಿಟ್ಟಳು. ಡಾಕ್ಟರು ಓದಿ, "ಈ ಹಾಳಿ ಭಾಳ ಉಪಯೋಗ ಆತು ನಮಗ," ಎಂದರು. ಆಮೇಲೆ ಕೇಳಿದರು: "ಸೂಜಿ ಮಾಡಿಸೀರೇನು? ಯಾವುದು?"

ಫರ್ಹೀನ್ ಅತ್ತೆಯ ಮುಖ ನೋಡಿದಳು. ಅಕ್ಬರಿ ಬೇಗಂ ಕರೀಂಸಾಬರಿಗೆ ಫೋನ್ ಹಚ್ಚಿ ಜೋರು ಧ್ವನಿಗೆ ಇಟ್ಟರು.

"ಮಂಗಳವಾರ, ಬುಧವಾರ ಏನು ಸೂಜಿ ಮಾಡಿದೆಪ್ಪ?"

"ಒಂದು ಜ್ವರದ್ದು, ಒಂದು ನೋವಿಂದು, ಭಾಭಿ."

"ಹೆಸರು ಹೇಳು. ಇಲ್ಲಿ ಡಾಕ್ಟರ್ ಬಾಯಿ ಕೇಳಾಕತ್ತಾರ."

"ಶೀಶೆ ಬಿಸಾಕೀನಿ, ಭಾಭಿ. ಸಣ್ಣದಿತ್ತು. ಕೆಂಪು ಮುಚ್ಚಳ."

ಅಕ್ಬರಿ ಬೇಗಂ ಫೋನ್ ಇಟ್ಟರು. ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳುವಾಗ ಒಂದೊಂದೇ ಹಣ್ಣು ಒತ್ತಿ, ಮೂಸಿ, ಯಾರ ತೋಟದ್ದು ಎಂದು ಕೇಳಿ, ಮಾರುವವನ ಜೀವ ತಿಂದು ತರುವ ಹೆಣ್ಣುಮಗಳು ಅವರು. ಆಡಿನ ಮಾಂಸ ತರಲು ಹೋದರೆ ಯಾರು ಕೊಯ್ದರು, ಯಾವಾಗ ಕೊಯ್ದರು ಎಂದು ವಿಚಾರಿಸದೆ ಚೀಲ ಬಿಚ್ಚುತ್ತಿರಲಿಲ್ಲ. ಮೊಮ್ಮಗಳ ಮೈಯೊಳಗೆ ಎರಡು ಸಲ ಹೋದದ್ದು ಏನೆಂದು ಅವರಿಗೆ ಗೊತ್ತಿರಲಿಲ್ಲ. ಕೆಂಪು ಮುಚ್ಚಳ, ಅಷ್ಟೇ ಗೊತ್ತು.

"ನೋವಿನ ಸೂಜಿ ಡೆಂಗ್ಯೂದಾಗ ರಕ್ತ ಸೋರೋದು ಹೆಚ್ಚು ಮಾಡ್ತದ, ಅಮ್ಮ," ಎಂದರು ಡಾಕ್ಟರು. "ಅದಕ್ಕ ಕೇಳಿದೆ."

ಅಕ್ಬರಿ ಬೇಗಂ ತೂಗುಹಾಕಿದ ಬಾಟ್ಲಿಯ ಕಡೆ ಕೈ ತೋರಿಸಿದರು. ಸೋತರೂ ಸುಮ್ಮನಿರುವ ಜನ ಅಲ್ಲ. "ಈ ಬಾಟ್ಲಿ ಅವನೂ ಹಚ್ಚತಿದ್ದ. ನೀವೂ ಅದೇ ಹಚ್ಚೀರಿ. ಫರಕ್ ಏನು?"

ಡಾಕ್ಟರು ಬೇಸರ ಮಾಡಲಿಲ್ಲ. "ಫರಕ್ ಬಾಟ್ಲಿಯಾಗ ಇಲ್ಲ, ಕಾವಲಿನಾಗ ಅದ. ಈ ರೋಗದಾಗ ರಕ್ತದ ನೀರು ನರದಿಂದ ಹೊರಗ ಸೋರತದ. ಕಡಿಮಿ ಕೊಟ್ರ ಬಿ.ಪಿ. ಬೀಳ್ತದ. ಜಾಸ್ತಿ ಕೊಟ್ರ ಎದಿಯಾಗ ನೀರು ತುಂಬಿ ಉಸಿರು ಕಟ್ಟತದ. ಕೂಸಿನ ತೂಕ ನೋಡಿ, ತಾಸಿಗೊಮ್ಮೆ ಬಿ.ಪಿ. ನೋಡಿ, ಒಂದಕ್ಕ ಎಷ್ಟು ಹೋದ್ಲು ಅಳದು, ಮತ್ತ ಮತ್ತ ರಕ್ತ ಪರೀಕ್ಷೆ ಮಾಡಿ ಹೆಚ್ಚುಕಡಿಮಿ ಮಾಡ್ತೇವಿ. ಮೊಳಿಗಿ ತೂಗಹಾಕಿ ಹೋದವರು ಅದೆಲ್ಲ ಹ್ಯಾಂಗ ನೋಡ್ತಾರ?"

"ಇನ್ನ ಸ್ವಲ್ಪ ತಡ ಆಗಿದ್ರ?"

"ನಮಾಜ್ ಮುಗಿಸಿ, ಜಳಕ ಮಾಡಿಸಿ, ಊಟ ಮುಗಿಸಿ ತಂದಿದ್ರ ನಾ ನಿಮಗ ಏನು ಹೇಳತಿದ್ದೆನೋ ಗೊತ್ತಿಲ್ಲ."

ಆಫೀಸಿನಿಂದ ಓಡಿ ಬಂದ ಸರ್ಫರಾಜ್ ವಾರ್ಡಿನ ಬಾಗಿಲಲ್ಲಿ ಇದನ್ನು ಕೇಳಿಸಿಕೊಂಡ. ಹೆಂಡತಿಯ ಪಕ್ಕ ಬಂದು ನಿಂತ. "ಅಮ್ಮಿ ಹೇಳಿದಂಗ ಮಾಡು ಅಂತ ಫೋನ್ ಇಟ್ಟುಬಿಟ್ಟೆ. ನೀ ಹೇಳಿದ್ದು ಪೂರಾ ಕೇಳೇ ಇಲ್ಲ," ಎಂದ. ಫರ್ಹೀನ್, "ಈಗ ಕೇಳು," ಎಂದು ಹಾಳೆ ಅವನ ಕೈಗೆ ಕೊಟ್ಟಳು.

ಆ ದಿನ ಮತ್ತು ಮರುದಿನ ಹೋದ ಬಗೆ ವಾರ್ಡಿನಲ್ಲಿ ಇದ್ದವರಿಗೇ ಗೊತ್ತು. ಬಿ.ಪಿ. ಎರಡು ಸಲ ಇಳಿಯಿತು, ಎರಡು ಸಲ ಡಾಕ್ಟರು ಓಡಿ ಬಂದರು. ಅಕ್ಬರಿ ಬೇಗಂ ಕಾರಿಡಾರಿನಲ್ಲಿ ಮಲ್ಲಿಕಾಳ ಪಕ್ಕ ಕುಳಿತಿದ್ದರು.

"ಒಂದು ಹೇಳು ಯವ್ವಾ," ಎಂದರು. ಈ ಬಾರಿ ಅವಳ ಧ್ವನಿಯನ್ನು ಅಣಕಿಸಲಿಲ್ಲ. "ನೆಗಡಿಗಿ ದವಾಖಾನಿ ಬ್ಯಾಡ ಅಂದಿ, ಇದಕ್ಕ ಬೇಕು ಅಂದಿ. ನನ್ನಂಥಕಿಗಿ ಅದು ಹ್ಯಾಂಗ ಗೊತ್ತಾಗಬೇಕು?"

"ಜ್ವರ ನೋಡಬ್ಯಾಡ್ರಿ ಖಾಲಾ, ಹುಡುಗಿನ್ನ ನೋಡ್ರಿ. ಜ್ವರ ನೂರಾ ಎರಡು ಇದ್ರೂ ಆಡಾಕತ್ತಾಳ, ನೀರು ಕುಡಿಯಾಕತ್ತಾಳ, ಕಿತಾಪತಿ ಮಾಡಾಕತ್ತಾಳ ಅಂದ್ರ ಒಂದೆರಡು ದಿನ ಮನಿಯಾಗ ನೋಡಬಹುದು. ಜ್ವರ ಇಲ್ಲದಿದ್ರೂ ಸುಮ್ಮ ಬಿದ್ದಾಳ, ಕುಡಿದಿದ್ದು ನಿಂದ್ರವಲ್ಲದು, ಕರೆದ್ರ ಓ ಅನವಲ್ಲಳು ಅಂದ್ರ ಹೋಗಬೇಕು. ಮೂರನೇ ದಿನಕ್ಕೂ ಜ್ವರ ಬಿಡದಿದ್ರ ಹುಡುಗಿ ಕುಣಿಯಾಕತ್ತಿದ್ರೂ ತೋರಿಸಬೇಕು. ಈ ಕಾಲದಾಗ, ಮೂಗು ಸೋರದ, ಕೆಮ್ಮು ಇಲ್ಲದ ಭಾರಿ ಜ್ವರ ಬಂದ್ರ ಮೂರು ದಿನನೂ ಕಾಯಬ್ಯಾಡ್ರಿ."

"ಇಷ್ಟ?"

"ಇಷ್ಟ."

ಅಕ್ಬರಿ ಬೇಗಂ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಗೋಡೆಗೆ ಒರಗಿದರು.

ಭಾನುವಾರ ಬೆಳಿಗ್ಗೆ ಸಿದ್ರಾ ಕಣ್ಣು ಬಿಟ್ಟು, ಆಸ್ಪತ್ರೆಯ ಇಡ್ಲಿಯನ್ನು ಒಂದು ಬೆರಳಿನಿಂದ ದೂರ ತಳ್ಳಿ, "ನನಗ ಮೆಣಸಿನಕಾಯಿ ಭಜಿ ಬೇಕು," ಎಂದಳು. ನರ್ಸ್ ನಗುತ್ತಾ ಹಾಳೆಯಲ್ಲಿ ಬರೆದುಕೊಂಡರು: ಹಸಿವು ಇದೆ. ಮಂಗಳವಾರ ಮನೆಗೆ ಕಳಿಸಿದರು.

ಊರಿಗೆ ಬಂದ ದಿನವೇ ಅಕ್ಬರಿ ಬೇಗಂ ಡ್ರಮ್ಮು ಬೋರಲು ಹಾಕಿ, ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ, ಮೇಲೆ ಬಟ್ಟೆ ಬಿಗಿದು ಕಟ್ಟಿದರು. ವಾರಕ್ಕೊಮ್ಮೆ ಅದೇ ಕೆಲಸ. ಓಣಿಯ ಉಳಿದ ಡ್ರಮ್ಮುಗಳ ಹೊಣೆಯನ್ನೂ ಯಾರೂ ಕೇಳದೆಯೇ ವಹಿಸಿಕೊಂಡರು. ನಬಿಸಾಬ್ ತಮ್ಮ ಹಿತ್ತಲಿನ ಹಳೇ ಟೈರು ತೆಗೆಯಲು ತಕರಾರು ಮಾಡಿದರಂತೆ. ಮರುದಿನ ಟೈರು ಅಲ್ಲಿರಲಿಲ್ಲ.

ಮುಂದಿನ ಶುಕ್ರವಾರ, ಡಾಕ್ಟರು ಮತ್ತೊಮ್ಮೆ ನೋಡಿ ಹೂಂ ಅಂದ ಮೇಲೆ, ಗುಸ್ಲೆ ಸೆಹತ್ ಆಯಿತು. ಸಿದ್ರಾ ಹಸಿರು ಬಟ್ಟೆ ತೊಟ್ಟು ಅಂಗಳದ ನಡುವೆ ಕುಳಿತಳು. ಮನೆ ತುಂಬ ಜನ. ಊಟದ ನಡುವೆ ಗೌಸಿಯಾ, ಎಲ್ಲರಿಗೂ ಕೇಳುವಂತೆ, ಮೆಲ್ಲಗೆ ಶುರು ಮಾಡಿದರು.

"ಎಲ್ಲ ಚಂದ ಆತು, ಅಲ್ಹಮ್ದುಲಿಲ್ಲಾ. ಆದ್ರ ಭಾಭಿ, ಅವತ್ತು ಇಷ್ಟು ಮಂದಿ ಮುಂದ ನಿನ್ನ ಸೊಸಿ ನಿನ್ನ ಮಾತು ಮೀರಿ ಹೋದ್ಲಲ್ಲ. ಮಹಾಗಾಂವದಾಗ ಎಲ್ಲಾರೂ ಕೇಳಾಕತ್ತಾರ."

ಫರ್ಹೀನ್ ತಟ್ಟೆ ನೋಡುತ್ತಾ ಕುಳಿತಳು. ಅಕ್ಬರಿ ಬೇಗಂ ಕೈ ತೊಳೆದುಕೊಂಡು ಬಂದು ಸೊಸೆಯ ಪಕ್ಕದಲ್ಲೇ ಕುಳಿತರು.

"ಮೀರಿದ್ಲು," ಎಂದರು. "ಮಹಾಗಾಂವದಾಗ ಕೇಳಿದವರಿಗಿ ಹೌದು ಅಂತ ಹೇಳು. ನಾನು ಬ್ಯಾಡ ಅಂದೆ, ನೀನು ಬ್ಯಾಡ ಅಂದಿ, ಕರೀಂಸಾಬ್ ಬ್ಯಾಡ ಅಂದ. ಮೂರು ಮಂದಿ ಹಿರೇರನ್ನ ಮೀರಿ ಹೋದ್ಲು. ಅದಕ್ಕ ಆ ಹುಡುಗಿ ಅಲ್ಲಿ ಕುಂತು ಉಣ್ಣಾಕತ್ತಾಳ. ಇನ್ನೊಂದು ಸಲ ಇಂಥದ್ದು ಬಂದು ನಾನೇ ಬಾಗಿಲದಾಗ ಅಡ್ಡ ನಿಂತ್ರ, ನನ್ನ ಸರಿಸಿ ಹೋಗು ಅಂತ ಹೇಳೀನಿ ಸೊಸಿಗಿ. ನಿನ್ನ ಸೊಸಿಗೂ ನೀ ಹೇಳು. ಈಗ ಉಣ್ಣು."

ಗೌಸಿಯಾ ಉಂಡರು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಓದಿದವರೇ, ಓದುವುದನ್ನು ಕೇಳಿಸಿಕೊಂಡವರೇ, ನೀವೂ ಸ್ವಲ್ಪ ಮಾತು ಮೀರಿ. 'ನೆಗಡಿಗೂ ಒಂದು ಸೂಜಿ ಬೇಕು' ಎನ್ನುವ ಮಾತು ಮೀರಿ; ನೆಗಡಿಗೆ ಬೇಕಾದದ್ದು ನೀರು, ಗಂಜಿ, ನಿದ್ದೆ. 'ಹೋದ ಸಲದ ಗುಳಿಗೆ ಉಳಿದಿದೆ, ಅದನ್ನೇ ನುಂಗು' ಎನ್ನುವ ಮಾತು ಮೀರಿ. ಆಂಟಿಬಯಾಟಿಕ್ ಡಾಕ್ಟರು ಬರೆದರೆ ಮಾತ್ರ, ಬರೆದಷ್ಟು ದಿನ ಪೂರ್ತಿ. 'ಜ್ವರ ಇಳಿಯಿತು, ಇನ್ನೇನು ಭಯ' ಎನ್ನುವ ಮಾತನ್ನಂತೂ ಖಂಡಿತ ಮೀರಿ. ನಿಮ್ಮ ಮನೆಯ ಕೂಸು ಉಸಿರಿಗೆ ಒದ್ದಾಡಿದರೆ, ಪಕ್ಕೆಲುಬಿನ ಸಂದು ಒಳಗೆ ಎಳೆದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ರಕ್ತ ಕಂಡರೆ, ಎಬ್ಬಿಸಿದರೂ ಏಳದಿದ್ದರೆ, ಯಾರ ಅಪ್ಪಣೆಗೂ ಕಾಯಬೇಡಿ. ಎರಡು ತಿಂಗಳೊಳಗಿನ ಹಸುಗೂಸಿಗೆ ಮೈ ಬಿಸಿಯಾದರೆ ಅದೊಂದೇ ಕಾರಣ ಸಾಕು. ಭೇದಿ ಹತ್ತಿದರೆ ಓ.ಆರ್.ಎಸ್. ಶುರು ಮಾಡಿ, ಕಣ್ಣು ಗುಳಿಬಿದ್ದರೆ ಅದನ್ನು ಕುಡಿಸುತ್ತಲೇ ಹೊರಡಿ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ನಂಬರ್ ಗೋಡೆಯ ಮೇಲೆ ಬರೆದಿಡಿ. ಗಾಡಿ ಇಲ್ಲದಿದ್ದರೆ ನೂರಾ ಎಂಟಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಮತ್ತೆ ಯಾರೇ ಸೂಜಿ ಎತ್ತಿಕೊಂಡು ಬರಲಿ, ಎಷ್ಟೇ ದೊಡ್ಡವರಾಗಿರಲಿ, ಬಾಗಿಲಲ್ಲಿ ನಿಂತು ಕೇಳಿ: ಇದರ ಹೆಸರೇನು, ಯಾಕೆ ಕೊಡುತ್ತೀರಿ? ಉತ್ತರ ಬಾರದಿದ್ದರೆ ಬಾಗಿಲು ಬಿಡಬೇಡಿ.